ಬಟ್ಟೆ ಬಂದ ದಾರಿ

ಎರಡು ಸಾವಿರದ ನಾಲ್ಕನೇ ಇಸವಿ. ಕಂಟೋನ್ಮೆಂಟ್ ಕಡೆಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದೆ. ಕಗ್ಗದಾಸಪುರದಿಂದ ಎರಡು ಬಸ್ಸು ಬದಲಿಸಿ ಬರುವಷ್ಟರಲ್ಲಿ ಸೀರೆಯ ನೆರಿಗೆಯ ಜೊತೆ ನನ್ನ ಉತ್ಸಾಹವೂ ಮುದುಡಿರುತ್ತಿತ್ತು. ಒಂದೇ ಒಂದು ಪಾಠಕ್ಕೆ ಮಾತ್ರ ಓಡಿ ಬರುತ್ತಿದ್ದೆ: ಅಕ್ಕಪಕ್ಕದ ದೇಶಗಳು ಹೇಗೆ ಒಂದಾಗುತ್ತವೆ ಎಂಬ ಪಾಠ. ಏಕೀಕರಣ ಎಂದೊಡನೆ ಅರ್ಧ ತರಗತಿ ಕರ್ನಾಟಕ ಏಕೀಕರಣದ ಉತ್ತರ ಬರೆದು ಕೂರುತ್ತಿತ್ತು. ನಾನೂ ಬಿಡದೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ.

ಸಿದ್ಧಾಂತವೇನೋ ಸರಳ. ಯುದ್ಧ ಮಾಡಿಕೊಂಡ ದೇಶಗಳಿಗೆ ಏಕಾಏಕಿ ಒಂದಾಗಿ ಎಂದರೆ ಕೇಳುವುದಿಲ್ಲ. ಮೊದಲು ಕಲ್ಲಿದ್ದಲು, ಉಕ್ಕು ಮುಂತಾದ ಒಣ ವಿಷಯಗಳಲ್ಲಿ ಒಟ್ಟಿಗೆ ಕೆಲಸ ಮಾಡಬೇಕು. ಒಂದು ಕಡೆ ಸಹಕಾರ ಕುದುರಿದರೆ ಅದು ಪಕ್ಕದ ವಿಷಯಕ್ಕೂ ಹಬ್ಬುತ್ತದೆ. ಸುಂಕ ಹೋಗುತ್ತದೆ, ಸರಕು ಓಡಾಡುತ್ತದೆ, ಸರಕಿನ ಹಿಂದೆ ಜನ. ಯುರೋಪಿನಲ್ಲಿ ಹೀಗೇ ಆಯಿತು ಎಂದು ಬೋರ್ಡಿನ ತುಂಬ ಬಾಣ ಎಳೆಯುತ್ತಿದ್ದೆ. ಆ ವರ್ಷವೇ ದಕ್ಷಿಣ ಏಷ್ಯಾದ ದೇಶಗಳೂ ಮುಕ್ತ ವ್ಯಾಪಾರದ ಒಪ್ಪಂದಕ್ಕೆ ಸಹಿ ಹಾಕಿದ್ದವು. ನನ್ನ ಸಂಭ್ರಮ ಕೇಳಬೇಕೆ?

ಎರಡನೇ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ, ಶಿವಾಜಿನಗರದ ಬಟ್ಟೆ ವ್ಯಾಪಾರಿಯ ಮಗಳು, ಎದ್ದು ನಿಂತಳು.

"ಮೇಡಂ, ಆ ಬಾಣ ನಮ್ಮ ಕಡೆ ಯಾವಾಗ ಬರತ್ತೆ? ನಮ್ಮ ನಾನಿಗೆ ಟೈಮಿಲ್ಲ."

ತರಗತಿ ನಕ್ಕಿತು, ಅವಳು ನಗಲಿಲ್ಲ. ಆಮೇಲೆ ಕಾರಿಡಾರಿನಲ್ಲಿ ವಿಷಯ ಹೇಳಿದಳು. ಅವಳ ನಾನಿಯ, ಅಂದರೆ ತಾಯಿಯ ತಾಯಿಯ, ಅಕ್ಕ ಹದಿನೇಳಕ್ಕೇ ಮದುವೆಯಾಗಿ ಕರಾಚಿಗೆ ಹೋದವರು ಮತ್ತೆ ಬಂದಿರಲಿಲ್ಲ. ಹೆಂಗಸರು ಫೋಟೋ ಕಳಿಸಿಕೊಳ್ಳುವ ರೂಢಿ ಆ ಮನೆಗಳಲ್ಲಿರಲಿಲ್ಲ. ವೀಸಾಕ್ಕೆ ಎರಡು ಸಲ ದಿಲ್ಲಿಗೆ ಅರ್ಜಿ ಹೋಗಿತ್ತು. ಒಂದಕ್ಕೆ ಉತ್ತರವೇ ಇಲ್ಲ; ಇನ್ನೊಂದರ ಹೊತ್ತಿಗೆ ಗಡಿಯಲ್ಲಿ ಗಲಾಟೆಯಾಗಿ ರೈಲೇ ನಿಂತಿತು. ಈಗ ನಾನಿಯ ಕಣ್ಣು ಹೋಗುತ್ತಿತ್ತು. ಹೆಚ್ಚೆಂದರೆ ಒಂದು ವರ್ಷ ಎಂದಿದ್ದರು ಡಾಕ್ಟರು. ಅಷ್ಟರೊಳಗೆ ಅಕ್ಕನ ಮುಖ ನೋಡಬೇಕು, ಅಷ್ಟೇ ಆಕೆಯ ಆಸೆ.

ನನ್ನ ಕುತೂಹಲ ಕೆಟ್ಟದ್ದು, ಸುಮ್ಮನಿರಲು ಬಿಡುವುದಿಲ್ಲ. ಮುಂದಿನ ಭಾನುವಾರವೇ ಅವರ ಮನೆಗೆ ಹೋದೆ. ಎರಡು ದೇಶಗಳ ಜನ ಎಷ್ಟು ಹತ್ತಿರವಾಗಿದ್ದಾರೆಂದು ತಿಳಿಯಲು ಅವರ ನಡುವೆ ಓಡಾಡುವ ಪತ್ರಗಳನ್ನು ಎಣಿಸುವ ವಿದ್ವಾಂಸರಿದ್ದಾರೆ. ನಾನೂ ನಾನಿಯನ್ನು ಕೇಳಿದೆ, ವರ್ಷಕ್ಕೆ ಎಷ್ಟು ಪತ್ರ ಬರುತ್ತವೆ ಎಂದು.

"ಎಣಿಸೋಕೆ ಅದೇನು ಮೊಟ್ಟೆನಾ, ಟೀಚರಮ್ಮ?" ಎಂದರು ತಮ್ಮ ಮಾರ್ಕೆಟ್ ಕನ್ನಡದಲ್ಲಿ.

ಚಹಾ ತಂದ ಹುಡುಗಿಯ ಹೊಸ ಕುರ್ತಾದ ಮೇಲೆ ನನ್ನ ಕಣ್ಣು ಬಿತ್ತು. ತೆಳು ಹತ್ತಿ, ಸಣ್ಣ ಹೂವಿನ ಅಚ್ಚು. ಎಲ್ಲಿಯದು ಎಂದು ಕೇಳಿದೆ.

"ಕರಾಚಿದು," ಎಂದರು ಅವಳ ತಂದೆ. "ನೇರ ಬರಲ್ಲ ಮೇಡಂ. ದುಬೈಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬರತ್ತೆ. ನಮ್ಮ ಮಾಲೂ ಹಂಗೇನೇ ಕರಾಚಿಗೆ ಹೋಗೋದು."

ನನಗೆ ಎಲ್ಲಿಲ್ಲದ ಖುಷಿ. ನನ್ನ ಬಾಣಗಳೆಲ್ಲ ಪಕ್ಕದ ಮನೆಯಿಂದ ಪಕ್ಕದ ಮನೆಗೇ ಹೋಗುತ್ತಿದ್ದವು. ಹೀಗೆ ಸಮುದ್ರ ಸುತ್ತಿಕೊಂಡು ಬರುವ ಬಾಣ ನನಗೆ ಹೊಳೆದೇ ಇರಲಿಲ್ಲ. ಅಲ್ಲೇ ಕೂತು ಮತ್ತೆ ಪಾಠ ಶುರು ಮಾಡಿಬಿಟ್ಟೆ. ಸುಂಕ, ಸರಕು, ಮೂರನೆಯ ದೇಶ. ಹುಡುಗಿ ನಡುವೆ ಬಾಯಿ ಹಾಕಿದಳು.

"ಮೇಡಂ, ಸರಕಿನ ಹಿಂದೆ ಜನ ಅಂತ ನೀವೇ ಹೇಳಿದ್ರಲ್ಲ. ಬಟ್ಟೆ ಬಂದ ದಾರೀಲೇ ನಾನಿನ ಕಳಿಸಿದ್ರೆ?"

ಅವಳ ತಂದೆ ಹದಿನೈದು ವರ್ಷಗಳಿಂದ ದುಬೈನಿಂದ ಮಾಲು ತರಿಸುತ್ತಿದ್ದವರು. ಅಲ್ಲಿ ಅವರ ಸ್ವಂತ ತಮ್ಮನ ಸಂಸಾರವೇ ಇತ್ತು. ಆದರೂ ಅತ್ತೆಯ ಅರ್ಜಿಯನ್ನು ದಿಲ್ಲಿಗೇ ಕಳಿಸುತ್ತಿದ್ದರು. ಅಕ್ಕನನ್ನು ನೋಡಬೇಕೆಂದರೆ ಕರಾಚಿಗೇ ವೀಸಾ ಕೇಳಬೇಕು ಎಂದುಕೊಂಡಿದ್ದರು ಪಾಪ.

"ಅರೆ, ನನ್ನ ತಲೆಗೆ ಹೊಳೀಲೇ ಇಲ್ವಲ್ಲ!" ಎಂದು ಹಣೆ ಚಚ್ಚಿಕೊಂಡರು.

ದುಬೈನಲ್ಲಿ, ಆ ತಮ್ಮನ ಮನೆಯಲ್ಲಿ, ಅಕ್ಕತಂಗಿಯರು ಹತ್ತು ದಿನ ಇದ್ದರು. ಒಬ್ಬರು ಬೆಂಗಳೂರಿನಿಂದ, ಒಬ್ಬರು ಕರಾಚಿಯಿಂದ. ಎಲ್ಲ ನಾನೇ ಮಾಡಿಸಿದಂತೆ ಸ್ಟಾಫ್ ರೂಮಿನಲ್ಲಿ ಬೀಗಿದ್ದೇ ಬೀಗಿದ್ದು. ನಾನಿ ವಾಪಸಾದ ವಾರವೇ ನೋಡಲು ಹೋದೆ. ಆಕೆ ಒಬ್ಬರೇ ಮಂಚದ ಮೇಲೆ ಕೂತಿದ್ದರು.

"ನೋಡಿದ್ರಾ?" ಎಂದೆ.

"ನೋಡ್ದೆ. ಹಲ್ಲಿಲ್ಲ, ಬೆನ್ನು ಬಗ್ಗಿದೆ. ಇಷ್ಟು ದಿನ ಕಣ್ಣು ಮುಚ್ಚಿದ್ರೆ ಹದಿನೇಳು ವರ್ಷದ ಹುಡುಗಿ ಬರ್ತಿದ್ಲು. ಈಗ ಬರೋದೇ ಇಲ್ಲ. ಈ ಮುದುಕಿನೇ ಬರ್ತಾಳೆ."

ನನಗೆ ಕಸಿವಿಸಿಯಾಯಿತು. ಇದ್ದ ಒಂದು ಮುಖವನ್ನೂ ಕಸಿದುಕೊಂಡೆವೇನೋ ಅನ್ನಿಸಿತು. "ಬೇಜಾರಾಯ್ತಾ, ನಾನಿ?"

"ಬೇಜಾರು ಯಾಕೆ?" ಎಂದರು. ತಡಕಾಡುತ್ತ ನನ್ನ ಕೈ ಹುಡುಕಿ ಹಿಡಿದುಕೊಂಡರು. "ಆ ಹುಡುಗಿ ನನ್ನ ಬಿಟ್ಟು ಹೋಗಿದ್ಲು. ಈ ಮುದುಕಿ ನನ್ನ ನೋಡೋಕೆ ಬಂದ್ಲು."