ಸಿಮೆಂಟ್ ಕಣದಲ್ಲಿ ಬೀಳದವರು

ಎರಡನೇ ಪಿಯುಸಿ ಫಲಿತಾಂಶ ಬಂದ ಮಾರನೆಯ ದಿನದಿಂದ ನಮ್ಮ ಕಡೆಯ ಗಂಡಸರಿಗೆ ಒಂದು ಕಾಯಿಲೆ ಹಿಡಿಯುತ್ತದೆ. ಘಟ್ಟದ ಕೆಳಗಿನ ಒಂದು ಯೂನಿವರ್ಸಿಟಿಯ ವಾಲಿಬಾಲ್ ತಂಡಕ್ಕೆ ಈ ಸಲ ಯಾರು ಸೇರುತ್ತಾರೆ, ಯಾರನ್ನು ಬಿಡುತ್ತಾರೆ ಎಂಬ ಕಾಯಿಲೆ. ಆ ಯೂನಿವರ್ಸಿಟಿಗೂ ಇವರಿಗೂ ಏನು ಸಂಬಂಧ ಎಂದು ಕೇಳಬೇಡಿ. ಅಲ್ಲಿ ಓದಿದವರು ಇವರಲ್ಲಿ ಇಬ್ಬರೋ ಮೂವರೋ ಇರಬಹುದು. ಮಿಕ್ಕವರು ಅದರ ಗೇಟು ನೋಡಿದ್ದು ಮದುವೆ ದಿಬ್ಬಣದ ಬಸ್ಸಿನ ಕಿಟಕಿಯಿಂದ. ಆದರೆ ಹಿಂದೊಮ್ಮೆ ನಮ್ಮ ಹೆತ್ತೂರು ಕಡೆಯ ಇಬ್ಬರು ಹುಡುಗರು ಆ ತಂಡಕ್ಕೆ ಆಡಿ ಕಪ್ ಗೆದ್ದರು. ಅವತ್ತಿನಿಂದ ಅದು 'ನಮ್ಮ ಟೀಮು'.

ಇವರೆಲ್ಲ ಸೇರುವುದು ಮೊಬೈಲಿನ ಒಂದು ಗ್ರೂಪಿನಲ್ಲಿ. ಅದನ್ನು ಶುರು ಮಾಡಿದ ಪುಣ್ಯಾತ್ಮ ನಾನೇ, ಇವತ್ತಿಗೂ ಅದರ ಅಡ್ಮಿನ್ ನಾನೇ. ಎಲ್ಲಿ ಮ್ಯಾಚಿದೆ, ಎಷ್ಟು ಹೊತ್ತಿಗಿದೆ ಎಂದು ತಿಳಿಸಲು ಮಾಡಿದ ಗ್ರೂಪು. ಈಗ ಅಲ್ಲಿ ಮ್ಯಾಚಿನ ವೇಳೆಯೊಂದನ್ನು ಬಿಟ್ಟು ಬೇರೆಲ್ಲವೂ ಸಿಗುತ್ತದೆ.

ನಾನು ಹೆತ್ತೂರು ಹೋಬಳಿಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಸ್ಟೋರಿನ ಬೀಗ ನೋಡಿಕೊಳ್ಳುವುದು ನನ್ನ ಕೆಲಸ. ಕಾಲೇಜಿನ ದಿನಗಳಲ್ಲಿ ವಾಲಿಬಾಲ್ ಆಡುತ್ತಿದ್ದೆ. ಯೂನಿವರ್ಸಿಟಿ ತಂಡದ ಆಯ್ಕೆಯ ಕ್ಯಾಂಪಿನವರೆಗೆ ಹೋಗಿದ್ದೆ. ಊರವರ ಬಾಯಲ್ಲಿ ಕ್ಯಾಂಪು ಯಾವಾಗಲೋ ಉದುರಿಹೋಗಿ, 'ಯೂನಿವರ್ಸಿಟಿಗೆ ಆಡಿದವರು' ಎಂದು ಉಳಿದುಕೊಂಡಿತು. ನಾನೂ ತಿದ್ದಲು ಹೋಗಲಿಲ್ಲ.

ಗ್ರೂಪಿನ ದೊಡ್ಡ ಪಂಡಿತ ಆನೇಮಹಲಿನ ಟೈರ್ ಅಂಗಡಿಯವನು. ಪಂಕ್ಚರ್ ಹಾಕುವುದರಲ್ಲಿ ಅವನ ಕೈ ಹಿಡಿಯುವವರಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಅಂಗಡಿಯ ಮುಂದೆ ಲಾರಿ ನಿಂತಿದ್ದರೂ ಈ ಮನುಷ್ಯನಿಗೆ ಯೂನಿವರ್ಸಿಟಿಯದೇ ಚಿಂತೆ. ದಿನ ಬೆಳಗಾದರೆ 'ಪಕ್ಕಾ ಸುದ್ದಿ' ಎಂದು ಹಾಕುತ್ತಾನೆ. ಅವನ ಪಕ್ಕಾ ಸುದ್ದಿಯ ಮೂಲ ಏನು ಅಂದರೆ, ಅವನ ಭಾಮೈದನ ಗೆಳೆಯನೊಬ್ಬ ಆ ಯೂನಿವರ್ಸಿಟಿಯ ಕ್ಯಾಂಟೀನಿಗೆ ತರಕಾರಿ ಹಾಕುತ್ತಾನೆ! ಸೌತೆಕಾಯಿ ಇಳಿಸಲು ಹೋದವನು ಕೋಚಿನ ಮನಸ್ಸಿನಲ್ಲಿರುವುದನ್ನೂ ಓದಿಕೊಂಡು ಬರುತ್ತಾನಂತೆ. ಇದನ್ನು ನಂಬಿ ಕೆ. ಹೊಸಕೋಟೆಯಿಂದ ಹೆತ್ತೂರಿನವರೆಗೆ ಜನ ಚಪ್ಪಾಳೆ ಒತ್ತುತ್ತಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ.

ಒಂದು ವರ್ಷ ಇವರೇ ಒಬ್ಬ ಹುಡುಗನನ್ನು ಆ ತಂಡಕ್ಕೆ ಸೇರಿಸಿಬಿಟ್ಟಿದ್ದರು. ಅವನ ಫೋಟೋಗೆ ತಂಡದ ಜರ್ಸಿ ತೊಡಿಸಿ, ಯಾವ ನಂಬರಿನ ಜಾಗದಲ್ಲಿ ಆಡಬೇಕೆಂದೂ ತೀರ್ಮಾನಿಸಿದ್ದರು. ಹುಡುಗ ಹಾಸನಕ್ಕೆ ಹೋಗಿ ಡಿಪ್ಲೊಮಾ ಸೇರಿದ. ಆಮೇಲೆ ಅವನನ್ನು ದ್ರೋಹಿ ಎಂದು ಒಂದು ವಾರ ಉಗಿದರು. ತಾನು ಯಾರಿಗೆ ದ್ರೋಹ ಮಾಡಿದೆ ಎಂದು ಆ ಬಡಪಾಯಿಗೆ ಗೊತ್ತೇ ಇರಲಿಲ್ಲ.

ಇಷ್ಟೆಲ್ಲ ಹೀಯಾಳಿಸುವವನು ಗ್ರೂಪು ಬಿಡಬಹುದಿತ್ತಲ್ಲ ಎಂದು ನನ್ನ ಹೆಂಡತಿ ಹತ್ತು ಸಲ ಕೇಳಿದ್ದಾಳೆ. ಬಿಡಲಿಲ್ಲ. ಬೈಯುವುದಕ್ಕಾದರೂ ದಿನಾ ಓದಬೇಕಲ್ಲ.

ಹೋದ ವರ್ಷ ಇವರ ಬಾಯಿಗೆ ಸಿಕ್ಕವಳು ನಮ್ಮ ಎಸ್ಟೇಟಿನ ಪಕ್ಕದ ಸಣ್ಣ ತೋಟದವರ ಮಗಳು. ನನ್ನನ್ನು ಮಾವ ಎಂದು ಕರೆಯುವ ಹುಡುಗಿ. ಅವಳ ಅಮ್ಮ ನನ್ನನ್ನು ಅಣ್ಣ ಅನ್ನುತ್ತಾಳೆ, ನಂಟಸ್ತಿಕೆ ಏನಿಲ್ಲ, ಬೇಲಿಯ ಆಚೆ ಈಚೆ ಇದ್ದು ಬಂದ ಬಳಕೆ. ಹುಡುಗಿ ಆಟ ಕಲಿತದ್ದು ನಮ್ಮ ಎಸ್ಟೇಟಿನ ಕಣದಲ್ಲಿ, ಅಂದರೆ ಕಾಫಿ ಒಣಗಿಸುವ ಸಿಮೆಂಟಿನ ಅಂಗಳದಲ್ಲಿ. ಯುಗಾದಿಯ ಹೊತ್ತಿಗೆ ಕಾಫಿಯೆಲ್ಲ ಸ್ಟೋರು ಸೇರಿ ಕಣ ಖಾಲಿಯಾಗುತ್ತದೆ. ಆಗ ಎರಡು ಸಿಲ್ವರ್ ಓಕ್ ಕಂಬ ನೆಟ್ಟು ನೆಟ್ ಕಟ್ಟುತ್ತಾರೆ. ನಾನೂ ನನ್ನ ಕಾಲದಲ್ಲಿ ಕಲಿತದ್ದು ಅದೇ ಕಣದಲ್ಲಿ. ಮಳೆನೀರು ಹರಿದುಹೋಗಲೆಂದು ಅದು ಒಂದು ಕಡೆಗೆ ಇಳಿಜಾರಾಗಿದೆ. ಬಾಲು ತಪ್ಪಿದರೆ ಕಾಫಿ ಗಿಡದ ಬುಡದಲ್ಲಿ ಹುಡುಕಬೇಕು.

ಕಣದಲ್ಲಿ ಕಲಿತವರಿಗೆ ಒಂದು ಗುಣ ಇರುತ್ತದೆ. ಅವರು ಬೀಳುವುದಿಲ್ಲ. ಮಣ್ಣಿನಲ್ಲೋ ಮರದ ನೆಲದಲ್ಲೋ ಆಡಿದವರು ದೂರದ ಬಾಲಿಗೆ ಹಾರಿ, ಎದೆಯ ಮೇಲೆ ಜಾರಿ, ಕೈ ಕೊಟ್ಟು ಎತ್ತುತ್ತಾರೆ. ಒರಟು ಸಿಮೆಂಟಿನ ಮೇಲೆ ಹಾಗೆ ಮಾಡಿದರೆ ತೊಗಲು ಅಲ್ಲೇ ಅಂಟಿಕೊಳ್ಳುತ್ತದೆ. ಅದಕ್ಕೇ ನಾವು ಕಾಲು ಚಾಚಿ, ಕುಕ್ಕರುಗಾಲಿಗೆ ಬಂದು, ಒಂದೇ ಕೈಯಲ್ಲಿ ಬಾಲು ಎತ್ತುವುದನ್ನು ರೂಢಿ ಮಾಡಿಕೊಳ್ಳುತ್ತೇವೆ. ಹತ್ತರಲ್ಲಿ ಎಂಟು ಸಲ ಸಿಗುತ್ತದೆ. ಉಳಿದ ಎರಡು ಬಾಲನ್ನು ನೋಡಿಕೊಂಡು ನಿಲ್ಲುತ್ತೇವೆ.

ಏಪ್ರಿಲ್‌ನಲ್ಲಿ ಆನೇಮಹಲಿನ ಹತ್ತಿರ ಹುಡುಗಿಯರ ಮ್ಯಾಚು ನಡೆದಾಗ, ಆ ಯೂನಿವರ್ಸಿಟಿ ತಂಡದ ಕೋಚ್ ಮೇಡಂ ಘಟ್ಟ ಹತ್ತಿ ಬಂದಿದ್ದರು. ನಮ್ಮ ಹುಡುಗಿಯ ಸ್ಮ್ಯಾಶ್ ನೋಡಿದರು. ಆಟ ಮುಗಿದ ಮೇಲೆ ಅವಳ ಅಮ್ಮನನ್ನು ಕರೆದು, ಹುಡುಗಿಯರ ತಂಡಕ್ಕೆ ಒಂದೇ ಸೀಟು ಉಳಿದಿದೆ, ಬರುವ ತಿಂಗಳ ಎರಡನೇ ಭಾನುವಾರ ಟ್ರಯಲ್ಸ್‌ಗೆ ಕರೆದುಕೊಂಡು ಬನ್ನಿ ಎಂದರು. ಆಯ್ಕೆಯಾದರೆ ಓದು, ಹಾಸ್ಟೆಲ್ಲು, ಊಟ ಎಲ್ಲ ಅವರದೇ. ಆಗದಿದ್ದರೆ ಏನು ಎಂಬುದನ್ನು ಹುಡುಗಿಯ ಅಪ್ಪ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ: ಮನೆಯಿಂದ ಬಸ್ಸಿನಲ್ಲಿ ಹೋಗಿಬರುವ ಕಾಲೇಜು ಸೇರು. ಆ ಕಾಲೇಜಿನಲ್ಲಿ ಹುಡುಗಿಯರ ವಾಲಿಬಾಲ್ ತಂಡವೇ ಇರಲಿಲ್ಲ. ಅಂದರೆ ಆ ಭಾನುವಾರ ಅವಳ ಆಟ ಉಳಿಯಬೇಕು, ಇಲ್ಲವೇ ಮುಗಿಯಬೇಕು.

ಮೇಡಂ ಮತ್ತು ಅಮ್ಮ ಮಾತಾಡುವ ಫೋಟೋವನ್ನು ಟೈರ್ ಅಂಗಡಿಯವನು ಅಷ್ಟು ಹೊತ್ತಿಗಾಗಲೇ ತೆಗೆದು ಗ್ರೂಪಿಗೆ ಹಾಕಿಯಾಗಿತ್ತು.

ಅಲ್ಲಿಂದ ನೋಡಿ, ಮಾರಿಹಬ್ಬ. ಹುಡುಗಿಯ ಎತ್ತರ ಎಷ್ಟು, ಅವಳ ಅಮ್ಮನ ಎತ್ತರ ಎಷ್ಟು, ಇನ್ನೂ ಬೆಳೆಯುತ್ತಾಳೋ ಇಲ್ಲವೋ ಎಂದು ಚರ್ಚೆ. ಸಂತೆಯಲ್ಲಿ ದನದ ಹಲ್ಲು ಎಣಿಸುವವರಿಗೂ ಇದಕ್ಕಿಂತ ನಾಚಿಕೆ ಇರುತ್ತದೆ. ಒಬ್ಬನು ಎರಡು ವರ್ಷಕ್ಕೆ ಮದುವೆ ಮಾಡಿಬಿಡುತ್ತಾರೆ, ಸೀಟು ದಂಡ ಎಂದ. ಇನ್ನೊಬ್ಬನು 'ಬೇಕು, ಬೇಡ, ನೋಡೋಣ' ಎಂದು ಮತದಾನ ಇಟ್ಟ. ಯಾರಪ್ಪನ ಸೀಟು? ಯಾರು ಇವರ ಮತ ಕೇಳಿದರು? ಆದರೂ ಐವತ್ತಕ್ಕೂ ಹೆಚ್ಚು ಜನ ಮತ ಹಾಕಿದರು. 'ನೋಡೋಣ' ಗೆದ್ದಿತು.

ಆಮೇಲೆ ಒಂದು ವಿಡಿಯೋ ಬಂತು. ಕೆಲವೇ ಸೆಕೆಂಡಿನದು. ಹುಡುಗಿಯ ಮುಂದೆ ಎರಡು ಮಾರು ದೂರದಲ್ಲಿ ಬಾಲು ಬೀಳುತ್ತದೆ, ಅವಳು ಕಾಲು ಚಾಚುತ್ತಾಳೆ, ಸಿಗುವುದಿಲ್ಲ, ಎದ್ದು ನಿಲ್ಲುತ್ತಾಳೆ. ಅದಕ್ಕೆ ಕೆಂಪು ವೃತ್ತ ಹಾಕಿ, ನಿಧಾನವಾಗಿ ಓಡಿಸಿ, ಮೂರು ದಿನ ತಿರುಗಿಸಿದರು. ಟೈರ್ ಅಂಗಡಿಯವನ ಧ್ವನಿ ಸಂದೇಶ ನನಗೆ ಈಗಲೂ ನೆನಪಿದೆ.

"ಎಲ್ಲ ಐತೆ ಕಣ್ರೀ. ಎತ್ತರ ಐತೆ, ಸ್ಮ್ಯಾಶು ಐತೆ. ಆದ್ರೆ ಸೊಕ್ಕು. ಬಟ್ಟೆ ಕೊಳೆ ಆಯ್ತದೆ ಅಂತ ಬೀಳಾಕಿಲ್ಲ ಆ ಹುಡ್ಗಿ."

ಕಣದ ವಿಷಯ ಯಾರೋ ಒಬ್ಬರು ಎತ್ತಿದ್ದಕ್ಕೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವನದೇ ಉತ್ತರ. ಕೆಳಗೆ ಬಿದ್ದ ಬೀಗದ ಕೈ ಎತ್ತಲು ಗೋಡೆ ಹಿಡಿದುಕೊಂಡು ಬಗ್ಗುವ ಗಂಡಸರು ಹದಿನೆಂಟರ ಹುಡುಗಿಗೆ ಬೀಳಲು ಬರುವುದಿಲ್ಲ ಎಂದು ತೀರ್ಪು ಕೊಡುತ್ತಿದ್ದರು. ನನಗೆ ಮೈ ಉರಿಯಿತು. ಇವರಿಗೆ ಆಟವೇ ಗೊತ್ತಿಲ್ಲ, ಗೊತ್ತಿರುವವನು ಒಂದು ಮಾತು ಹೇಳಿದರೆ ಬಾಯಿ ಮುಚ್ಚುತ್ತಾರೆ ಅನ್ನಿಸಿತು. ಬೆಳಿಗ್ಗೆ ಅಕ್ಕಿರೊಟ್ಟಿ ತಿನ್ನುತ್ತ ಎಡಗೈಯಲ್ಲಿ ಬರೆದು ಹಾಕಿದೆ.

'ಹುಡುಗಿ ಒಳ್ಳೆಯ ಆಟಗಾರ್ತಿ. ಆದರೆ ಯೂನಿವರ್ಸಿಟಿ ಮಟ್ಟದಲ್ಲಿ ಬಾಲಿಗೆ ಬೀಳದವರಿಗೆ ಜಾಗವಿಲ್ಲ. ಬೀಳುವುದನ್ನು ಕಲಿಯಬೇಕು. ಅನುಭವದಿಂದ ಹೇಳುತ್ತಿದ್ದೇನೆ.'

ಅನುಭವ ಏನು ಎಂದು ಇಲ್ಲಾದರೂ ಹೇಳಬೇಕು. ಆ ಕ್ಯಾಂಪಿನಿಂದ ನನ್ನನ್ನು ನಾಲ್ಕನೇ ದಿನ ವಾಪಸು ಕಳಿಸಿದ್ದರು. ಬಾಲಿಗೆ ಬೀಳದವನಿಗೆ ಇಲ್ಲಿ ಜಾಗವಿಲ್ಲ ಎಂದು ಅಲ್ಲಿನ ಕೋಚ್ ಎಲ್ಲರ ಎದುರು ಅಂದಿದ್ದರು. ಅದೇ ವಾಕ್ಯವನ್ನು ಮೂವತ್ತು ವರ್ಷ ಇಟ್ಟುಕೊಂಡಿದ್ದು, ನನ್ನದೇ ಎಂಬಂತೆ ಆ ಹುಡುಗಿಯ ಮೇಲೆ ಹಾಕಿದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಮಧ್ಯಾಹ್ನದ ಹೊತ್ತಿಗೆ ನನ್ನ ಮಾತಿಗೆ ನಲವತ್ತೊಂದು ಹೆಬ್ಬೆರಳು ಬಿದ್ದಿದ್ದವು. 'ಆಡಿದವರ ಮಾತು ಅಂದ್ರೆ ಇದು' ಎಂದು ಟೈರ್ ಅಂಗಡಿಯವನೇ ಬರೆದಿದ್ದ. ಅವನನ್ನು ಅಷ್ಟು ಬೈಯುವ ನಾನು ಆ ಸಾಲನ್ನು ಎರಡು ಸಲ ಓದಿಕೊಂಡೆ. ಖುಷಿಯಾಗಿತ್ತು.

ಮುಂದಿನ ವಾರ ಒಂದು ಬೆಳಿಗ್ಗೆ ಸ್ಟೋರಿನ ಬಾಗಿಲು ತೆಗೆಯಲು ಹೋದಾಗ ಕಣದ ಮೇಲೆ ನಾಲ್ಕು ಗೋಣಿಚೀಲ ಹಾಸಿದ್ದು ಕಂಡಿತು. ಸ್ಟೋರಿನ ಹೊರಗೆ ಇಟ್ಟಿದ್ದ ಚೀಲಗಳು. ರಾತ್ರಿಯ ಹನಿಮಳೆಗೆ ಕಣ ಒದ್ದೆಯಾಗಿತ್ತು, ಚೀಲಗಳೂ ನೆನೆದಿದ್ದವು. ಆಳುಗಳಿರುವ ಲೈನಿನ ಮನೆಗಳ ಮುಂದೆ ನಿಂತು, ಚೀಲ ಹಾಳು ಮಾಡಿದವರು ಯಾರು ಎಂದು ಅವರ ಮೇಲೆ ಹಾರಾಡಿದೆ. ಯಾಕೆ ಹಾಸಿದ್ದಾರೆ ಎಂದು ಕೇಳಲಿಲ್ಲ. ಆಳುಗಳಿಂದ ಮಡಿಸಿ ಮತ್ತೆ ಸ್ಟೋರಿನ ಹೊರಗೇ ಇಡಿಸಿದೆ.

ಅದಾದ ಎರಡು ದಿನಕ್ಕೆ, ಟ್ರಯಲ್ಸ್‌ಗೆ ಮೂರು ದಿನ ಇರುವಾಗ, ಹುಡುಗಿಯ ಅಮ್ಮ ಫೋನ್ ಮಾಡಿದಳು. ಕಣದಲ್ಲಿ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದಿದೆ, ಪೇಟೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಬರುತ್ತಿದ್ದೇವೆ ಎಂದಳು. ಆದರೂ ಭಾನುವಾರ ಇಬ್ಬರೂ ಘಟ್ಟ ಇಳಿದು ಹೋದರು. ಕೈ ನೋಡಿ ಮೇಡಂ ಬಹಳ ನೊಂದುಕೊಂಡರಂತೆ. ಟೀ ಕುಡಿಸಿದರಂತೆ. ಪಟ್ಟಿ ಅವತ್ತೇ ಕೊಡಬೇಕಿತ್ತು, ಬೇರೆ ಹುಡುಗಿಯ ಹೆಸರು ಬರೆದುಕೊಟ್ಟರು.

ಆ ಸಂಜೆ ಗ್ರೂಪಿನಲ್ಲಿ ನಡೆದದ್ದನ್ನು ಬರೆಯಲು ನನಗೆ ಅಸಹ್ಯ. ಗಾಜಿನ ಕೈ, ಸದ್ಯ ನಮ್ಮ ಟೀಮು ಬಚಾವಾಯಿತು ಎಂದು ಒಬ್ಬ. ನಾನು ಆವತ್ತೇ ಹೇಳಿರಲಿಲ್ಲವೇ ಎಂದು ಹತ್ತು ಜನ. ಒಂದು ತಿಂಗಳು ಅವಳನ್ನು ಹರಿದು ತಿಂದವರು, ಅರ್ಧ ಗಂಟೆಯೊಳಗೆ ಹೊಸ ಹುಡುಗಿಯ ಎತ್ತರ ಕೇಳುತ್ತಿದ್ದರು.

ಮಾರನೆಯ ದಿನ ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ಅವರ ಮನೆಗೆ ಹೋದೆ. ಹುಡುಗಿ ಜಗಲಿಯಲ್ಲಿ ಕೂತಿದ್ದಳು, ಕೈ ಕುತ್ತಿಗೆಗೆ ಕಟ್ಟಿದ್ದರು. ಕುರ್ಚಿಯಲ್ಲಿ ಕೂತವನೇ ಗ್ರೂಪಿನವರ ಜನ್ಮ ಜಾಲಾಡಿದೆ. ಟೈರ್ ಅಂಗಡಿಯವನ ಸೊಕ್ಕಿನ ಮಾತು, ಮತದಾನ ಇಟ್ಟವನ ಲಜ್ಜೆಗೇಡಿತನ, ಒಂದನ್ನೂ ಬಿಡಲಿಲ್ಲ. ಇಂಥವರ ಬಾಯಿಗೆ ಬಿದ್ದೇ ಮಗುವಿಗೆ ಹೀಗಾಯಿತು ಎಂದೆ. ಅಮ್ಮ ಕಾಫಿ ಮಾಡಲು ಒಳಗೆ ಹೋದಳು.

"ಅವ್ರು ಬರ್ಕೊಳ್ಲಿ ಬುಡಿ ಮಾವ," ಅಂದಳು ಹುಡುಗಿ. "ಅವ್ರದ್ದು ನಾನು ಓದ್ನೇ ಇಲ್ಲ. ನೀವು ಬರ್ದಿದ್ದು ಮಾತ್ರ ಅಪ್ಪನ ಫೋನಲ್ಲಿ ಅಮ್ಮ ತೋರಿಸ್ತು. ನೀವು ಯೂನಿವರ್ಸಿಟಿಗೆ ಆಡಿದೋರಲ್ವಾ, ಅದಕ್ಕೇ ಬೀಳೋದ್ ಕಲಿಯಣ ಅಂದ್ಕಂಡೆ. ಗೋಣಿಚೀಲ ಹಾಸ್ಕಂಡು ನಾಕ್ ದಿನ ಚೆನ್ನಾಗೇ ಬಿದ್ದೆ. ಐದನೇ ದಿನ ಚೀಲ ಜಾರ್ಬುಡ್ತು."

ದೂರು ಹೇಳುವ ದನಿಯಲ್ಲ ಅದು. ನಾನು ಸ್ಟೋರಿನ ಮುಂದೆ ಹಾರಾಡಿದ್ದು ಅವಳಿಗೆ ಗೊತ್ತಾಗಿತ್ತು ಅಂತ ಕಾಣುತ್ತದೆ, ಚೀಲ ಕೇಳದೆ ತೆಗೆದದ್ದು ತಪ್ಪಾಯಿತು ಎಂದೂ ಸೇರಿಸಿದಳು. ಆಮೇಲೆ ಪ್ಲಾಸ್ಟರನ್ನು ಎಡಗೈಯಲ್ಲಿ ಹಿಡಿದುಕೊಂಡು ನನ್ನ ಕಡೆ ಬಗ್ಗಿದಳು.

"ಮಾವ, ಕೈ ವಾಸಿಯಾದ್ಮೇಲೆ ಬೇಕಾಯ್ತದೆ, ಹೇಳಿ. ನೀವು ಕಣದಲ್ಲಿ ಹೆಂಗೆ ಬೀಳ್ತಿದ್ರಿ? ಕೈ ಮೊದ್ಲು ಊರ್ತಿದ್ರಾ, ಎದೆ ಕೊಡ್ತಿದ್ರಾ?"

ಅಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸುಳ್ಳು ಹೇಳಲು ಒಂದು ಗಳಿಗೆ ಮನಸ್ಸಾಯಿತು. ಹೇಳಿದರೆ ಈ ಹುಡುಗಿ ಪ್ಲಾಸ್ಟರ್ ಬಿಚ್ಚಿಸಿದ ಮಾರನೆಯ ದಿನವೇ ಮತ್ತೆ ಸಿಮೆಂಟಿನ ಮೇಲೆ ಹಾರುತ್ತಾಳೆ.

"ನಾನು ಬಿದ್ದೇ ಇಲ್ಲ ಕಣವ್ವ," ಅಂದೆ. "ಒಂದು ಸಲಾನೂ ಬಿದ್ದಿಲ್ಲ. ಬೀಳಲ್ಲ ಅಂತ್ಲೇ ಕ್ಯಾಂಪಿಂದ ನಾಲ್ಕನೇ ದಿನ ವಾಪಸ್ ಕಳಿಸಿದ್ರು. ಯೂನಿವರ್ಸಿಟಿಗೆ ನಾನು ಆಡೇ ಇಲ್ಲ."

ಹುಡುಗಿ ತಮಾಷೆ ಎಂದುಕೊಂಡು ನಗಲು ಹೋದಳು. ನನ್ನ ಮುಖ ನೋಡಿ ನಿಲ್ಲಿಸಿದಳು.

"ಹಂಗಾದ್ರೆ ಕಣದಲ್ಲಿ ಬೀಳಕ್ಕಾಗಲ್ಲ ಅಂತ ನಿಮಗೆ ಗೊತ್ತಿತ್ತು," ಅಂದಳು.

ಗೊತ್ತಿತ್ತು ಅಂದೆ. ಅಮ್ಮ ಕಾಫಿ ಲೋಟವನ್ನು ನನ್ನ ಕೈಗೆ ಕೊಡಲಿಲ್ಲ, ಕುರ್ಚಿಯ ಪಕ್ಕ ನೆಲದ ಮೇಲೆ ಇಟ್ಟು ಒಳಗೆ ಹೋದಳು.