ಕೂಸಿಲ್ಲದ ಜೋಗುಳ

ಯಾದಗಿರಿಯಲ್ಲಿ ಸುರಪುರದ ಬಸ್ಸು ಹತ್ತುವಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ನಾನು ಸಂಗೀತ ಕೊಟ್ಟ ಆನಿಮೇಷನ್ ಸಿನಿಮಾ ತೆರೆಕಂಡಿತ್ತು. ಈಗ ಅದರ ವಾದ್ಯವೃಂದದ ಸಂಗೀತವನ್ನಷ್ಟೇ ಆಲ್ಬಮ್ ಮಾಡಿ ಹೊರತರುವ ಸಿದ್ಧತೆ. ಅದರ ಜೀವಾಳ ಸುರಪುರದ ನನ್ನ ದೊಡ್ಡವ್ವ ಹಾಡುವ ಜೋಗುಳದ ಧಾಟಿ. ಅವಳಿಗೆ ಕೇಳಿಸದೆ ಹೊರಗೆ ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಸ್ಟುಡಿಯೋದವರಿಗೆ ಸಂಜೆಯೊಳಗೆ ಉತ್ತರ ಬೇಕು. ಅವಳು ಬೇಡವೆಂದರೆ ಆ ಧಾಟಿ ತೆಗೆಯಬೇಕು. ತೆಗೆದರೆ ಉಳಿಯುವುದು ಸಿನಿಮಾದಲ್ಲಿ ಕುರಿಮರಿಯ ಬೆನ್ನು ಹತ್ತುವ ತೋಳದ ಓಟದ ಸಂಗೀತ ಮಾತ್ರ.

ಭೀಮೆಯ ಸೇತುವೆ ದಾಟುತ್ತಲೇ ಇಯರ್‌ಫೋನ್ ಸಿಕ್ಕಿಸಿಕೊಂಡು ಮತ್ತೊಮ್ಮೆ ಕೇಳತೊಡಗಿದೆ. ಪಕ್ಕದಲ್ಲಿ ಕೂತಿದ್ದ ಕುರಿ ಸಾಕುವ ಮನೆಯ ಹೆಣ್ಣುಮಗಳು ನನ್ನನ್ನೇ ನೋಡುತ್ತಿದ್ದಳು.

"ಯಾಕಣ್ಣ, ಯಾರರ ಸತ್ತಾರೇನ್ರಿ? ಮಾರಿ ಹಂಗ ಮಾಡೀರಿ?"

ಒಂದು ಎಳೆಯನ್ನು ಅವಳ ಕಿವಿಗೆ ಕೊಟ್ಟೆ.

"ಹಾಡಿಲ್ಲ, ಮಾತಿಲ್ಲ, ಬರೀ ಬಾಜಾ!" ಎಂದು ನಕ್ಕಳು. ತೋಳದ ಭಾಗ ಬಂದಾಗ ನಗು ನಿಂತಿತು. "ಏನೋ ಬೆನ್ನ ಹತ್ಯದ. ಪಾರಾಗ್ತದೋ ಇಲ್ಲೋ?"

ಜೋಗುಳ ಶುರುವಾಗುವ ಮೊದಲೇ ಶಹಾಪುರ ಬಂತು. "ಭಲೇ ಮನಷಾ ಅದೀರಿ. ಜೀವ ಕೈಯಾಗ ಹಿಡಿಸಿ ಇಳಸ್ತೀರಿ," ಎಂದು ಬೈದು ಇಳಿದಳು.

ನಿಲ್ದಾಣದಲ್ಲಿ ಮಿರ್ಚಿ ಭಜಿ ಕೊಂಡೆ. ಹತ್ತಿಯ ಹೊಲಗಳು ಹಿಂದೆ ಸರಿದು ಸುರಪುರದ ಗುಡ್ಡ ಕಾಣುವವರೆಗೂ ಪೊಟ್ಟಣ ಹಾಗೇ ಕೈಯಲ್ಲಿತ್ತು.

ದೊಡ್ಡವ್ವನ ಮೊಮ್ಮಗಳು ಗಿರಿಜಾ ಚೊಚ್ಚಲ ಹೆರಿಗೆಗೆಂದು ಬಂದಿದ್ದಳು. ದಿನ ತುಂಬಿದ್ದವು. ರೊಟ್ಟಿ ಊಟವಾದ ಮೇಲೆ ಪಡಸಾಲೆಯಲ್ಲಿ ಫೋನಿಟ್ಟು ಹಚ್ಚಿದೆ. ದೊಡ್ಡವ್ವ ತಲೆದೂಗುತ್ತ ಕೇಳಿದಳು. ತನ್ನ ಧಾಟಿ ಬಂದದ್ದೇ ಫೋನಿನ ಮೇಲೆ ಅಂಗೈ ಮುಚ್ಚಿದಳು.

"ಕೂಸು ಎಲ್ಲದನೋ?"

"ಸಿನಿಮಾದಾಗ ಅದ ದೊಡ್ಡವ್ವ. ನೀನ ನೋಡೀದಿಯಲ್ಲ."

"ಅದ್ರಾಗ ತೊಟ್ಟಲದಾಗ ಕುರಿಮರಿ ಮಲಗಿತ್ತು. ಇದ್ರಾಗ ಯಾರನ್ನ ಮಲಗಸಾಕತ್ತೀದಿ? ಖಾಲಿ ತೊಟ್ಟಲಾ ತೂಗ್ತಾರೇನು? ಅದೂ ಮನ್ಯಾಗ ದಿನಾ ತುಂಬಿದಾಕಿ ಇದ್ದಾಗ! ಬಂದ್ ಮಾಡು."

ಚಿತ್ರ ಕಳಚಿದರೆ ಸಂಗೀತ ಹಗುರಾಗುತ್ತದೆ ಎಂದುಕೊಂಡಿದ್ದೆ. ತೊಟ್ಟಿಲು ಬರಿದಾಗುತ್ತದೆಂದು ಹೊಳೆದಿರಲಿಲ್ಲ. ಅಷ್ಟರಲ್ಲಿ ಸ್ಟುಡಿಯೋದಿಂದ ಕರೆ ಬಂತು. ಎತ್ತಲಿಲ್ಲ. ಅದು ಹೊಡೆದುಕೊಂಡು ಸುಮ್ಮನಾಯಿತು.

ಗಿರಿಜಾ ಗೋಡೆಗೆ ಒರಗಿಕೊಂಡೇ ಅಂದಳು: "ಆಯಿ, ಹೆಸರಿಡೂ ದಿನ ಕೂಸಿಗಿಂತ ಮೊದ್ಲ ತೊಟ್ಟಲದಾಗ ಗುಂಡಕಲ್ಲು ಹಾಕಿ ತೂಗ್ತೀವಲ್ಲ?"

"ಬಂದ್ಲು ನೋಡು ಶಾಣೇಕಿ! ಇನ್ನಾ ಹಡದಿಲ್ಲ, ನನಗ ಕಲಸ್ತಾಳ."

ಬೈದವಳು ಎದ್ದು ಅಡುಗೆಮನೆಗೆ ಹೋದಳು. ನೀರು ಸುರಿದ ಸದ್ದು. ಹೊರಬಂದಾಗ ಅವಳ ಕೈಯಲ್ಲಿದ್ದ ಖಾರ ಅರೆಯುವ ಗುಂಡಕಲ್ಲು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು, ಹುಟ್ಟಲಿರುವ ಕೂಸಿಗೆ ಹೊಲಿದಿಟ್ಟ ಕುಲಾವಿ ತಲೆಗೆ ಹಾಕಿಸಿಕೊಂಡಿತ್ತು. ಹೊಸ್ತಿಲ ಬಳಿ ಕೂತು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡಳು.

"ಈಗ ಹಚ್ಚು. ಮೊದಲಿಂದ."

ತೋಳ ಓಡಿತು. ದೊಡ್ಡವ್ವ ಕಲ್ಲನ್ನು ಎದೆಗವಚಿಕೊಂಡಳು. ಗಿರಿಜಾಳ ಕೈ ಹೊಟ್ಟೆಯ ಮೇಲಿತ್ತು. ಪಿಟೀಲುಗಳು ತಗ್ಗಿದವು, ಕೊಳಲಿನಲ್ಲಿ ಅವಳ ಧಾಟಿ ಬಂತು. ತೊಡೆ ಮೆಲ್ಲಗೆ ತೂಗತೊಡಗಿತು.

ಮುಗಿದ ಮೇಲೂ ತೊಡೆ ತೂಗುತ್ತಲೇ ಇತ್ತು. ಕೊನೆಗೆ, "ಬಿಡು ಹೊರಗ," ಎಂದಳು. "ಕೇಳೋರಿಗಿ ಮಡ್ಲಾಗ ಏನರ ಇಟ್ಕೊಂಡ ಕೇಳ್ರಿ ಅಂತ ಹೇಳು."

ಸಂಜೆಯ ಬಸ್ಸಿಗೆ ಓಡುತ್ತಲೇ ಸ್ಟುಡಿಯೋಗೆ ಒಪ್ಪಿಗೆ ತಿಳಿಸಿದೆ. ತಿರುವಿನಲ್ಲಿ ನಿಂತು, "ಹೋಗಿ ಬರ್ತೀನಿ ದೊಡ್ಡವ್ವ!" ಎಂದು ಕೂಗಿದೆ. ಅವಳು ಇನ್ನೂ ಹೊಸ್ತಿಲಲ್ಲೇ ಇದ್ದಳು, ಕಲ್ಲು ಇನ್ನೂ ತೊಡೆಯ ಮೇಲಿತ್ತು. ತುಟಿಯ ಮೇಲೆ ಬೆರಳಿಟ್ಟು, ಮೆಲ್ಲಗೆ ಹೋಗೆಂದು ಕೈ ಮಾಡಿದಳು.