ಅಯಾಂಥಿ ಟೀಚರ್ ಕೊಟ್ಟ ಮಾತು

ಪ್ರಶಸ್ತಿ ಸಮಿತಿಯ ಪತ್ರ ಬಂದದ್ದು ಸೋಮವಾರ. ಶುಕ್ರವಾರ ಮಧ್ಯಾಹ್ನ ಎರಡು ಗಂಟೆಯೊಳಗೆ ಹನ್ನೊಂದು ಧ್ವನಿಮುದ್ರಿಕೆಗಳನ್ನೂ ತಂದೊಪ್ಪಿಸಬೇಕು, ತಪ್ಪಿದರೆ ಪ್ರಶಸ್ತಿಯನ್ನು ಹಿಂತೆಗೆದುಕೊಳ್ಳಲಾಗುವುದು ಎಂದು ಅದರಲ್ಲಿತ್ತು. ಅಯಾಂಥಿ ನೋಯೆಲ್ ಅದನ್ನು ಗ್ವಾವ್ ಪೇಟೆಯ ಅಂಚೆಕಚೇರಿ ಮೆಟ್ಟಿಲ ಮೇಲೆ ನಿಂತೇ ಓದಿದಳು. ಓದಿ ಮಡಿಸಿ, ಮತ್ತೆ ಬಿಡಿಸಿ ಓದಿದಳು. ಎದುರಿಗೆ ಮೀನು ಮಾರುವ ಕಾಸ್ಮಸ್ ಕೂಗಿದ. "ಏನ್ ಟೀಚರಮ್ಮಾ, ಮೆಡಲ್ ಚಿನ್ನದ್ದೋ ಬೆಳ್ಳೀದೋ?" ಅವಳು ಪತ್ರವನ್ನು ಚೀಲಕ್ಕೆ ಸೇರಿಸಿ ಮೆಟ್ಟಿಲಿಳಿದಳು.

ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟವಳು ಅವಳು. ನಿವೃತ್ತಿಗೆ ಎರಡು ವರ್ಷ ಇದೆ ಎನ್ನುವಾಗ ವಿಶ್ವವಿದ್ಯಾಲಯಕ್ಕೆ ಸಂಶೋಧನೆಯ ಅರ್ಜಿ ಹಾಕಿದರೆ ಊರೇ ನಕ್ಕಿತ್ತು. "ಈ ವಯಸ್ಸಲ್ಲಿ ಡಾಕ್ಟರಾಗಿ ಯಾರಿಗೆ ಸೂಜಿ ಚುಚ್ತೀರಾ?" ಎಂದು ಕೇಳಿದವನೂ ಇದೇ ಕಾಸ್ಮಸ್.

ಅದಕ್ಕೆಲ್ಲ ಕಾರಣ ಐವಾನ್ ಚಂಡಮಾರುತ. ಆ ಒಂದು ದಿನದಲ್ಲಿ ಗ್ರೆನಡಾದ ಜಾಯಿಕಾಯಿ ಮರಗಳು ಸಾಲುಸಾಲಾಗಿ ಮಗುಚಿಕೊಂಡವು. ಸೇಂಟ್ ರೋಶ್ ಎಸ್ಟೇಟಿನಲ್ಲಿ ಎಳೆಪ್ರಾಯದಿಂದ ಕಾಯಿ ಆಯ್ದು, ಜಾಪತ್ರೆ ಸುಲಿದು ಬೆನ್ನು ಬಗ್ಗಿಸಿಕೊಂಡ ಮುದುಕಿಯರು ಬಿದ್ದ ಮರಗಳನ್ನು ನೋಡಲು ಬಂದು, ಬೊಡ್ಡೆಗಳ ಮೇಲೆ ಕೂತು, ಅದುವರೆಗೆ ಆಡದ ಮಾತು ಆಡತೊಡಗಿದರು. ಎಸ್ಟೇಟಿನ ಮೇಸ್ತ್ರಿ, ಗ್ಯಾರವೇ ಎಂಬವನು, ಸಂಜೆ ಗೇಟಿನ ಬಳಿ ನಿಂತು, ಕದ್ದ ಕಾಯಿ ಹುಡುಕುವ ನೆಪದಲ್ಲಿ ಹೆಂಗಸರ ಬಟ್ಟೆ ಬಿಚ್ಚಿಸುತ್ತಿದ್ದ ವಿಷಯ. ಅಯಾಂಥಿಯ ಅಮ್ಮನೂ ಆ ಸಾಲಿನಲ್ಲಿ ನಿಂತವಳೇ. ಮಗಳಿಗೆ ಒಂದು ಮಾತೂ ಹೇಳದೆ ಸತ್ತಿದ್ದಳು.

ಹನ್ನೊಂದು ಹೆಂಗಸರು ಟೇಪಿನ ಮುಂದೆ ಕೂತರು. ಎಲ್ಲರದ್ದೂ ಒಂದೇ ಷರತ್ತು. ನಮ್ಮಲ್ಲಿ ಕೊನೆಯವಳು ಬದುಕಿರುವ ತನಕ ನಮ್ಮ ದನಿ ಯಾರ ಕಿವಿಗೂ ಬೀಳಬಾರದು, ಹೆಸರು ಎಲ್ಲೂ ಬರಬಾರದು. ಅಯಾಂಥಿ ಬೈಬಲ್ ಮುಟ್ಟಿ ಮಾತು ಕೊಟ್ಟಳು. ಆ ಮಾತುಗಳನ್ನು ಹೆಸರಿಲ್ಲದೆ ಇಟ್ಟು ಅವಳು ಬರೆದ ಪ್ರಬಂಧಕ್ಕೆ, ಐವಾನ್ ಬಂದು ಏಳು ವರ್ಷಕ್ಕೆ, ಕೆರಿಬಿಯನ್ ಅಧ್ಯಯನದ ವಿದ್ವಾಂಸರ ಸಂಘ ಆ ವರ್ಷದ ಸಾಮಾಜಿಕ ನ್ಯಾಯ ಪ್ರಶಸ್ತಿ ಘೋಷಿಸಿತು. ಘೋಷಣೆಯಾದ ಹತ್ತೇ ದಿನಕ್ಕೆ ಮೇಸ್ತ್ರಿಯ ಮೊಮ್ಮಗ, ರಾಜಧಾನಿ ಸೇಂಟ್ ಜಾರ್ಜಸ್‌ನ ಲಾಯರ್ ಡೆಸ್ಮಂಡ್ ಗ್ಯಾರವೇ, ದೂರು ಕೊಟ್ಟ. ಈ ಹೆಂಗಸರು ಇಲ್ಲವೇ ಇಲ್ಲ, ಎಲ್ಲ ಟೀಚರ್ ಕಟ್ಟಿದ ಕತೆ ಎಂದು. ಸೋಮವಾರದ ಪತ್ರ ಆ ದೂರಿನ ಫಲ.

ಹನ್ನೊಂದು ಹೆಂಗಸರಲ್ಲಿ ಬದುಕಿ ಉಳಿದವರು ಮೂವರು. ಪತ್ರದ ವಿಷಯ ತಿಳಿಸಲು ಮಂಗಳವಾರ ಅಯಾಂಥಿ ಮಿಸ್ ಥೆರೀಸಳ ಮನೆಗೆ ಹೋದಳು. ಆ ಊರಿನಲ್ಲಿ ಹಿರಿಯ ಹೆಂಗಸರೆಲ್ಲ 'ಮಿಸ್'ಗಳೇ. ಥೆರೀಸಳಿಗೆ ಈಗ ಮಗನ ಗುರುತೂ ಸಿಕ್ಕುತ್ತಿರಲಿಲ್ಲ. ಬುಧವಾರ ಮಿಸ್ ಆಲ್ಮಾ ಅಂಗಳದಲ್ಲೇ ತಡೆದಳು.

"ನನ್ನ ಮೊಮ್ಮಗಳ ಮದುವೆ ಬರೋ ತಿಂಗಳು. ಗಂಡಿನ ಕಡೆಯವರು ಆ ಗ್ಯಾರವೇಯ ಬಂಧುಗಳು, ಗೊತ್ತಾ? ಆ ಟೇಪನ್ನ ಸುಟ್ಹಾಕು."

"ಸುಡಲ್ಲ ಮಿಸ್ ಆಲ್ಮಾ. ಯಾರಿಗೂ ಕೊಡೋದೂ ಇಲ್ಲ."

"ಹಾಗಾದ್ರೆ ನಿನ್ನ ಪ್ರಶಸ್ತಿ?"

"ಹೋಗ್ಲಿ ಬಿಡಿ."

ಹೇಳಿದಷ್ಟು ಸುಲಭವಾಗಿರಲಿಲ್ಲ. ಪ್ರಶಸ್ತಿ ಹೋದರೆ ಹೋಗುವುದು ಮೆಡಲ್ ಒಂದೇ ಅಲ್ಲ. ಸುಳ್ಳಿ ಎಂಬ ಹಣೆಪಟ್ಟಿ ಅಂಟುತ್ತದೆ, ಸತ್ತ ಎಂಟು ಹೆಂಗಸರ ಮಾತೂ ಸುಳ್ಳಾಗುತ್ತದೆ. ಗುರುವಾರ ಬೆಳಿಗ್ಗೆ ಕೋಕೋ ಚಹಾ ಲೋಟದಲ್ಲೇ ಉಳಿಯಿತು. ಅವಳು ಗುಡ್ಡ ಹತ್ತಿ ಮೂವರಲ್ಲಿ ಕೊನೆಯವಳಾದ ಮಿಸ್ ಕ್ಲೆಮೆನ್ಸಿಯಾಳ ಮನೆ ತಲುಪಿದಳು.

ಎಂಬತ್ತೆರಡರ ಕ್ಲೆಮೆನ್ಸಿಯಾ ದೀವಿಹಲಸು ಹೆಚ್ಚುತ್ತಿದ್ದಳು. ಪತ್ರವನ್ನು ಅಯಾಂಥಿ ಓದಿ ಹೇಳುವಾಗ ಚಾಕು ನಿಲ್ಲಲಿಲ್ಲ. ಆದರೆ ಮಗಳು ಜಾಸ್ಲಿನ್ ಒಳಗಿಂದ ಸಿಡಿದುಕೊಂಡು ಬಂದಳು.

"ನಮ್ಮಮ್ಮನ್ನ ಬೀದಿಗೆ ಎಳೀಬೇಕು ಅಂತ ಬಂದಿದ್ದೀಯಾ? ನಾಚ್ಕೆ ಆಗಲ್ವಾ ನಿಂಗೆ?"

"ಎಳೆಯೋಕೆ ಬಂದಿಲ್ಲ ಜಾಸ್ಲಿನ್. ಟೇಪ್ ಕೊಡಲ್ಲ ಅಂತ ಹೇಳಿ ಹೋಗೋಕೆ ಬಂದೆ."

ಮುದುಕಿ ಚಾಕು ಕೆಳಗಿಟ್ಟಳು. "ಟೇಪ್ ಕೊಡ್ಬೇಡ. ನಾನೇ ಬರ್ತೀನಿ. ಬಾಗಿಲು ಹಾಕಿದ ಕೋಣೇಲಿ ಮಾತಾಡ್ತೀನಿ. ಆ ಲಾಯರ್ ಹುಡುಗನೂ ಇರ್ಲಿ. ಅವನ ತಾತನ ಮೂಗು ಅವನಿಗೆ ಬಂದಿದ್ಯಾ ಅಂತ ನೋಡ್ಬೇಕು ನಂಗೆ."

ಜಾಸ್ಲಿನ್ ಅತ್ತಳು, ಬೈದಳು, ಬಾಗಿಲಿಗೆ ಅಡ್ಡ ನಿಂತಳು. ಮುದುಕಿ ದೀವಿಹಲಸಿನ ಬಟ್ಟಲನ್ನು ಅವಳ ಕೈಗೆ ಕೊಟ್ಟು, ತೆಂಗಿನಹಾಲು ಹಿಂಡು ಹೋಗು ಎಂದಳು.

ಶುಕ್ರವಾರ ಮುದುಕಿಯೂ ಅಯಾಂಥಿಯೂ ಸೇಂಟ್ ಜಾರ್ಜಸ್‌ನ ಬಸ್ಸು ಹತ್ತಿದರು. ಕ್ಲೆಮೆನ್ಸಿಯಾ ಚರ್ಚಿನ ಬಿಳಿ ಹ್ಯಾಟು ತೊಟ್ಟಿದ್ದಳು. ಸಮುದ್ರದಂಚಿನ ರಸ್ತೆಯ ತಿರುವುಗಳುದ್ದಕ್ಕೂ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದಳು. ಅಯಾಂಥಿ ಹಾದಿಯಲ್ಲಿ ಎರಡು ಸಲ, "ಬೇಡ ಅನಿಸಿದ್ರೆ ಇಲ್ಲೇ ಇಳಿಯೋಣ" ಎಂದಳು. ಮುದುಕಿ ಹ್ಯಾಟು ಸರಿಪಡಿಸಿಕೊಂಡಳು.

ಸಂಘದ ಸಮ್ಮೇಳನ ನಡೆಯುತ್ತಿದ್ದ ಹೋಟೆಲಿನ ಒಂದು ಚಿಕ್ಕ ಕೋಣೆ. ಮೇಜಿನ ಆಚೆ ಮೂವರು ತೀರ್ಪುಗಾರರು, ನಡುವೆ ಬಾರ್ಬಡೋಸಿನ ಡಾಕ್ಟರ್ ಹಯಾಸಿಂತ್ ಪ್ರೋಬಿನ್. ಪಕ್ಕದಲ್ಲಿ ಲಾಯರ್ ಗ್ಯಾರವೇ, ಮುಂದೆ ಅಯಾಂಥಿಯ ಪ್ರಬಂಧ. ಅದರಿಂದ ಹಳದಿ ಚೀಟಿಗಳು ನಾಲಿಗೆ ಚಾಚಿದ್ದವು.

"ಟೇಪುಗಳೆಲ್ಲಿ?" ಎಂದು ಪ್ರೋಬಿನ್ ಕೇಳಿದರು.

"ತಂದಿಲ್ಲ," ಎಂದಳು ಅಯಾಂಥಿ. "ಕೊಡಲ್ಲ ಅಂತ ಮಾತು ಕೊಟ್ಟಿದ್ದೀನಿ. ಅವರಲ್ಲಿ ಒಬ್ಬರು ತಾವಾಗೇ ಬಂದಿದ್ದಾರೆ."

ಕ್ಲೆಮೆನ್ಸಿಯಾ ತನ್ನ ಹೆಸರು ಹೇಳಿದಳು. ಹದಿನೇಳನೇ ವಯಸ್ಸಿನಲ್ಲಿ, ನಲವತ್ತಾರನೇ ಇಸವಿಯ ಬೇಸಿಗೆಯಲ್ಲಿ, ಗೇಟಿನ ಬಳಿ ಏನಾಯಿತೆಂದು ಹೇಳಿದಳು. ಮೇಸ್ತ್ರಿ ಎಲ್ಲಿ ನಿಲ್ಲಿಸಿದ, ಯಾರು ನೋಡುತ್ತಿದ್ದರು, ಯಾವ ಕೈ ಎಲ್ಲಿಗೆ ಹೋಯಿತು. ಒಂದು ಕಡೆ ಮಾತ್ರ ನಿಲ್ಲಿಸಿ ನೀರು ಕೇಳಿದಳು. ತೀರ್ಪುಗಾರರಲ್ಲಿ ಕಿರಿಯವನು ಬರೆಯುವುದನ್ನು ಬಿಟ್ಟು ಕಿಟಕಿಯ ಕಡೆ ತಿರುಗಿದ್ದ.

ಗ್ಯಾರವೇ ಎದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು. "ಮೇಡಂ, ಪ್ರಬಂಧದ ಎಂಬತ್ತೊಂಬತ್ತನೇ ಪುಟದಲ್ಲಿ ಹೀಗಿದೆ. 'ಈ ಹನ್ನೊಂದು ಹೆಂಗಸರಲ್ಲಿ ಒಬ್ಬರೂ ಎಂದೂ ಒಂದು ಕಾಯಿ ಕದ್ದಿರಲಿಲ್ಲ.' ನೀವು ಯಾವತ್ತಾದ್ರೂ ಕದ್ದಿದ್ರಾ?"

ಅಯಾಂಥಿ ಸಮಾಧಾನದಿಂದಿದ್ದಳು. ಟೇಪಿನಲ್ಲಿ ಮುದುಕಿಯೇ ಕದ್ದಿಲ್ಲ ಎಂದಿದ್ದಳಲ್ಲ.

ಮುದುಕಿ ಹ್ಯಾಟು ತೆಗೆದು ಮಡಿಲಲ್ಲಿಟ್ಟುಕೊಂಡಳು. "ಕದ್ದಿದ್ದೆ."

ಗ್ಯಾರವೇ ಪುಟದ ಮೇಲಿಂದ ತಲೆ ಎತ್ತಿದ.

"ಆವತ್ತೇ. ಮೂರು ಕಾಯಿ, ಕೂದಲ ಗಂಟಿನೊಳಗೆ. ತಂಗಿಗೆ ಭೇದಿ ಆಗಿತ್ತು, ಅಮ್ಮ ತೇದು ಕುಡಿಸೋಣ ಅಂದಿದ್ಲು. ನಿನ್ನ ತಾತ ಮೈಯೆಲ್ಲ ಹುಡುಕಿದ, ತಲೆ ಮುಟ್ಲಿಲ್ಲ. ಕಾಯಿ ಬೇಕಾಗಿದ್ದಿದ್ರೆ ತಲೇನೂ ನೋಡ್ತಿದ್ದ, ಅಲ್ವಾ ಮಗಾ?"

ಗ್ಯಾರವೇಯ ಮುಖದ ಬಣ್ಣ ಬದಲಾಯಿತು. ಆದರೂ ಅವನು ಬಿಡಲಿಲ್ಲ. ತೀರ್ಪುಗಾರರ ಕಡೆ ತಿರುಗಿ, "ನೋಡಿದ್ರಲ್ಲ? ಪುಟ ಎಂಬತ್ತೊಂಬತ್ತು ಸುಳ್ಳು. ಅವರ ಬಾಯಿಂದಲೇ ಬಂತು" ಎಂದ.

ಎಲ್ಲರ ಕಣ್ಣೂ ಅಯಾಂಥಿಯ ಮೇಲೆ ಬಿತ್ತು. ಆ ಸಾಲು ಬರೆದ ಸಂಜೆ ಅವಳಿಗೆ ನೆನಪಿತ್ತು. ಅದನ್ನು ಬರೆದು ಹೆಮ್ಮೆಪಟ್ಟಿದ್ದಳು. ಹೆಂಗಸರು ನಿರಪರಾಧಿಗಳಾಗಿದ್ದರೆ ಮಾತ್ರ ಓದುವವರು ಮರುಗುತ್ತಾರೆಂದು ಅವಳಿಗೆ ಆಗ ಅನಿಸಿತ್ತು. ಎರಡನೇ ಸಲ ಕೇಳಲು ಅವಳು ಯಾರ ಬಳಿಗೂ ಹೋಗಿರಲಿಲ್ಲ. ಮುದುಕಿ ಏನನ್ನೋ ಗೊಂದಲ ಮಾಡಿಕೊಂಡಿದ್ದಾಳೆ, ವಯಸ್ಸಾಯಿತು ಎಂದುಬಿಟ್ಟರೆ ಮುಗಿಯುತ್ತಿತ್ತು. ಪಕ್ಕದಲ್ಲಿ ಕ್ಲೆಮೆನ್ಸಿಯಾ ಅವಳತ್ತ ನೋಡದೆ ಕೂತಿದ್ದಳು.

ಅಯಾಂಥಿ ಎದ್ದು ನಿಂತಳು. "ಆ ಸಾಲು ತಪ್ಪು. ಬರೆದವಳು ನಾನು, ತಪ್ಪು ನಂದು. ಅವರು ಆಗ ಇಲ್ಲ ಅಂದ್ರು, ನಂಗೆ ಅದೇ ಬೇಕಾಗಿತ್ತು, ನಂಬಿಬಿಟ್ಟೆ. ಪ್ರಶಸ್ತಿ ವಾಪಸ್ ತಗೊಳ್ಳೋದಾದ್ರೆ ತಗೊಳ್ಳಿ. ಆದ್ರೆ ಈಗ ಇವರು ಹೇಳಿದ್ದನ್ನ ಸುಳ್ಳು ಅಂತ ಮಾತ್ರ ಬರೀಬೇಡಿ."

ಅವರನ್ನು ಹೊರಗೆ ಕಳಿಸಿದರು. ಮೊಗಸಾಲೆಯ ಬೆಂಚಿನ ಮೇಲೆ ಒಂದೂವರೆ ಗಂಟೆ ಕೂತರು. ಗ್ಯಾರವೇ ದೂರದಲ್ಲಿ ಫೋನಿನಲ್ಲಿ ಮಾತಾಡುತ್ತ ಅಡ್ಡಾಡುತ್ತಿದ್ದ. ಒಮ್ಮೆ ಅವನು ಫೋನು ಇಳಿಸಿ ಮುದುಕಿಯನ್ನು ನೋಡುತ್ತ ನಿಂತುಬಿಟ್ಟ. ಆಮೇಲೆ ಮತ್ತೆ ಫೋನು ಕಿವಿಗಿಟ್ಟುಕೊಂಡ.

"ಟೇಪಲ್ಲಿ ಯಾಕೆ ಹೇಳ್ಲಿಲ್ಲ ನೀವು?" ಎಂದು ಅಯಾಂಥಿ ಮೆಲ್ಲಗೆ ಕೇಳಿದಳು.

"ನೀನು ಕೇಳಿದ ಧಾಟಿ ಹಾಗಿತ್ತು ಟೀಚರ್. ಕ್ಲಾಸಲ್ಲಿ ಕೇಳ್ದಂಗೆ. ಸರಿಯುತ್ತರ ಯಾವ್ದು ಅಂತ ಮೊದ್ಲೇ ಗೊತ್ತಾಗ್ತಿತ್ತು."

ಅಯಾಂಥಿ ಚೀಲದಿಂದ ಪ್ರಬಂಧ ತೆಗೆದು ಎಂಬತ್ತೊಂಬತ್ತನೇ ಪುಟ ಬಿಡಿಸಿದಳು.

ಪ್ರೋಬಿನ್ ತಾವೇ ಹೊರಗೆ ಬಂದು ತೀರ್ಪು ಓದಿದರು. ಕಟ್ಟುಕತೆ ಎಂಬ ಆರೋಪ ತಳ್ಳಿಹಾಕಲಾಗಿದೆ. ಟೇಪುಗಳು ಟೀಚರ್ ಬಳಿಯೇ ಇರಲಿ. ಆದರೆ ಎಂಬತ್ತೊಂಬತ್ತನೇ ಪುಟ ತಿದ್ದಿ, ತಿದ್ದಿದ್ದೇಕೆಂದು ಬರೆದುಕೊಡುವ ತನಕ ಪ್ರಶಸ್ತಿ ಇಲ್ಲ. ಅಯಾಂಥಿ ಹೋಟೆಲಿನ ಕಟ್ಟೆಯ ಮೇಲೆ ಕಾಗದವಿಟ್ಟು ನಿಂತುಕೊಂಡೇ ಬರೆದಳು. ಎರಡು ಸಲ ಹೊಡೆದುಹಾಕಿದಳು. ಮೂರನೇ ಸಲಕ್ಕೆ ಮುದುಕಿಯ ಮಾತನ್ನೇ, ಹೆಸರಿಲ್ಲದೆ, ಇದ್ದ ಹಾಗೇ ಇಳಿಸಿದಳು. ಮರುದಿನ ಮುನ್ನೂರು ಜನರ ಎದುರು ಮೆಡಲ್ ಕೊರಳಿಗೆ ಬಿದ್ದಾಗ ಅವಳಿಗೆ ಹಿಗ್ಗೇನೂ ಆಗಲಿಲ್ಲ. ಬೆನ್ನು ನೋಯುತ್ತಿತ್ತು, ಅಷ್ಟೇ.

ಬಾಗಿಲು ಹಾಕಿದ ಕೋಣೆಯ ಮಾತು ವಾರದೊಳಗೆ ಗ್ವಾವ್ ತಲುಪಿತ್ತು. ಯಾರು ತಂದರೋ ತಿಳಿಯಲಿಲ್ಲ. ಚರ್ಚಿನಲ್ಲಿ ಯಾರೋ ಜಾಸ್ಲಿನ್‌ಗೆ, "ನಿಮ್ಮಮ್ಮ ಕಾಯಿಕಳ್ಳಿಯಂತೆ ಹೌದಾ?" ಎಂದರು. ಅಂದಿನಿಂದ ಅವಳು ಅಯಾಂಥಿಗೆ ಬಾಗಿಲು ತೆಗೆಯಲಿಲ್ಲ. ನಾಲ್ಕು ಸಲ ಅಯಾಂಥಿ ಗುಡ್ಡ ಹತ್ತಿ, ಅಂಗಳದಿಂದಲೇ ತಿರುಗಿ ಬಂದಳು. ಮುದುಕಿ ಕಿಟಕಿಯಿಂದ ಕೈ ಬೀಸುತ್ತಿದ್ದಳು.

ಜುಲೈ ತಿಂಗಳ ಒಂದು ಭಾನುವಾರ ಜಾಸ್ಲಿನ್ ತಾನೇ ಅಯಾಂಥಿಯ ಮನೆಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಅಮ್ಮನ ಟೇಪ್ ಕೇಳ್ಬೇಕು ನಾನು. ಊರೆಲ್ಲ ಮಾತಾಡ್ತಿದೆ, ನಂಗೆ ಮಾತ್ರ ಏನೂ ಗೊತ್ತಿಲ್ಲ. ಮಗಳು ನಾನು."

ಅಯಾಂಥಿಗೆ ತನ್ನಮ್ಮ ಏನೂ ಹೇಳದೆ ಹೋಗಿದ್ದು, ತಾನೂ ಒಂದು ಸಲ ಕೇಳದೆ ಇದ್ದದ್ದು, ಎರಡೂ ನೆನಪಾದವು. ಟೇಪುಗಳಿದ್ದ ಬೀರುವಿನ ಕೀಲಿ ಸೊಂಟದಲ್ಲೇ ಇತ್ತು.

"ಕೊಡಲ್ಲ ಜಾಸ್ಲಿನ್. ನಿಮ್ಮಮ್ಮ ಬದುಕಿದ್ದಾಳೆ. ಅವಳನ್ನೇ ಕೇಳು."

"ಹೇಗೆ ಕೇಳೋದು? ಏನಂತ ಶುರು ಮಾಡೋದು?"

"ಅದು ನಂಗೂ ಸರಿಯಾಗಿ ಬರಲ್ಲ. ಸುಮ್ನೆ ಪಕ್ಕದಲ್ಲಿ ಕೂತ್ಕೋ."

ಜಾಸ್ಲಿನ್ ಕೊಡೆ ಬಿಚ್ಚಿ, ಅಮ್ಮನಿದ್ದ ಗುಡ್ಡದ ದಾರಿ ಹಿಡಿದಳು.